ಹಾಸನದ ಹೊನಲು ಬೆಳಕಿನ ಕಬಡ್ಡಿ: ಸೋಫಾಕ್ಕಿಂತ ಗ್ಯಾಲರಿಯೇ ವಾಸಿ

ಚಳಿಗಾಲ ಶುರುವಾಯಿತೆಂದರೆ ಹಾಸನದ ಬಿ.ಎಂ. ರಸ್ತೆಯ ಕಂಬಗಳ ಮೇಲೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳ ಫ್ಲೆಕ್ಸುಗಳು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಪ್ರವೇಶ ಉಚಿತ. ಕಳೆದ ಜನವರಿಯಲ್ಲಿ ನಗರದ ಮೈದಾನವೊಂದರಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ನಡೆದ ಪಂದ್ಯಾವಳಿಗೆ ಮಾತ್ರ ಟಿಕೆಟ್ ಇಟ್ಟಿದ್ದರು: ಗ್ಯಾಲರಿಗೆ 100 ರೂಪಾಯಿ, ಪ್ಲಾಸ್ಟಿಕ್ ಕುರ್ಚಿಗೆ 300, ಮ್ಯಾಟಿನ ಪಕ್ಕದಲ್ಲೇ ಹಾಕಿದ ಸೋಫಾಕ್ಕೆ 1,000. ಶನಿವಾರ ಕುರ್ಚಿಯಲ್ಲಿಯೂ ಭಾನುವಾರ ಗ್ಯಾಲರಿಯಲ್ಲಿಯೂ ಕುಳಿತು ನೋಡಿದ್ದೇನೆ. ಇಂಥ ಪಂದ್ಯಾವಳಿಯನ್ನು ದುಡ್ಡು ಕೊಟ್ಟು ನೋಡಬಹುದೇ ಎಂದು ಕೇಳುವವರಿಗೆ ನೋಡಬಹುದು ಎಂದೇ ಹೇಳುತ್ತೇನೆ. ಆದರೆ ಆ ಮಾತು ಗ್ಯಾಲರಿಯ ಟಿಕೆಟಿಗೆ ಮಾತ್ರ ಅನ್ವಯಿಸುತ್ತದೆ.

ನಾನು ಹೋದದ್ದು ಒಬ್ಬ ಆಟಗಾರನಿಗಾಗಿ. ಪ್ರೊ ಕಬಡ್ಡಿಯ ತಂಡವೊಂದರಲ್ಲಿ ಕೆಲವು ಋತು ಆಡಿ, ಮಂಡಿಯ ಪೆಟ್ಟಿನ ನಂತರ ಹರಾಜಿನಲ್ಲಿ ಯಾವ ತಂಡಕ್ಕೂ ಬೇಡವಾಗಿ, ಈಗ ಇಲಾಖಾ ತಂಡವೊಂದರ ಪರವಾಗಿ ಜಿಲ್ಲೆ ಜಿಲ್ಲೆ ಸುತ್ತುತ್ತಿರುವ ರೈಡರ್, ಎಂದರೆ ಎದುರು ಅಂಕಣಕ್ಕೆ ನುಗ್ಗಿ ಅಂಕ ತರುವವನು, ಆತ. ಪೆಟ್ಟಿನ ವಿಷಯ ಬರೆಯುತ್ತಿರುವುದರಿಂದ ಹೆಸರು ಬಿಟ್ಟಿದ್ದೇನೆ. ಆಟವನ್ನು ಹಿಂಬಾಲಿಸುವವರಿಗೆ ಗುರುತು ಸಿಗಬಹುದು. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಂದಿನಿಂದ ನಮ್ಮ ಕಡೆಯ ಕಬಡ್ಡಿಪ್ರಿಯರು ಎರಡು ಕಬಡ್ಡಿಗಳನ್ನು ನೋಡುತ್ತಾ ಬಂದಿದ್ದಾರೆ. ಒಂದು ಟಿವಿಯದು. 2019ರ ಜನವರಿಯ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ಗಳಿಸಿ ಬೆಂಗಳೂರು ಬುಲ್ಸ್‌ಗೆ ಕಪ್ ತಂದುಕೊಟ್ಟ ಕಬಡ್ಡಿ ಅದು. ಇನ್ನೊಂದು, ಆ ಮಟ್ಟಕ್ಕೆ ಏರಲು ಹೊರಟವರೂ ಅಲ್ಲಿಂದ ಇಳಿದವರೂ ಒಂದೇ ಮ್ಯಾಟಿನ ಮೇಲೆ ಎದುರುಬದುರಾಗುವ ಊರಿನ ಕಬಡ್ಡಿ. ಮೆಚ್ಚಿನ ಆಟಗಾರನನ್ನು ಹತ್ತಿರದಿಂದ ನೋಡಬೇಕೆಂದರೆ ಎರಡನೆಯದಕ್ಕೇ ಹೋಗಬೇಕು.

ಕುರ್ಚಿ ಮತ್ತು ಗ್ಯಾಲರಿಯ ವ್ಯತ್ಯಾಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಟಿಕೆಟಿನ ದರವನ್ನು ಆಟ ನೋಡದವರು ನಿರ್ಧರಿಸಿದಂತಿತ್ತು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ರೈಡರ್ ದಾಟಲೇಬೇಕಾದ ಬಾಕ್ ಲೈನ್, ಅಲ್ಲಿಂದ ಒಂದು ಮೀಟರ್ ಮುಂದೆ ಹೆಚ್ಚುವರಿ ಅಂಕ ಕೊಡುವ ಬೋನಸ್ ಗೆರೆ. ಎಂದರೆ ಬೋನಸ್ ಗೆರೆಯಿಂದ ಅಂಕಣದ ಕೊನೆಯ ಗೆರೆಗೆ ಉಳಿಯುವುದು ಎರಡು ಮೀಟರಿಗೂ ಕಡಿಮೆ, ಮತ್ತು ಡಿಫೆಂಡರ್‌ಗಳ ಸಾಲಿನ ಎರಡು ತುದಿಯ ಕಾರ್ನರ್‌ನವರು ಕಾದು ನಿಲ್ಲುವುದೂ ರೈಡರ್‌ನ ನಿಜವಾದ ಕೆಲಸ ನಡೆಯುವುದೂ ಆ ಪಟ್ಟಿಯ ಆಸುಪಾಸಿನಲ್ಲೇ. ಕುರ್ಚಿ, ಸೋಫಾಗಳನ್ನು ಹಾಕಿದ್ದು ಅಂಕಣದ ಉದ್ದದ ಬದಿಗೆ, ಅದೂ ನೆಲಮಟ್ಟದಲ್ಲಿ. ಅಲ್ಲಿ ಕುಳಿತವರ ಕಣ್ಣೆದುರು ಮೊದಲು ತೀರ್ಪುಗಾರರು ಓಡಾಡುತ್ತಾರೆ, ನಂತರ ಯೂಟ್ಯೂಬ್ ನೇರಪ್ರಸಾರದ ಹುಡುಗರು ಸ್ಟ್ಯಾಂಡ್ ಊರುತ್ತಾರೆ, ಅದಾದ ಮೇಲೆ ಗಣ್ಯರ ಜೊತೆ ಫೋಟೊ ತೆಗೆಸಿಕೊಳ್ಳುವವರು ಸಾಲುಗಟ್ಟುತ್ತಾರೆ. ಶನಿವಾರ ನಾನು ನೋಡಿದ ಕ್ವಾರ್ಟರ್ ಫೈನಲ್‌ನಲ್ಲಿ ಒಂದು ಆಲ್ ಔಟ್, ಎಂದರೆ ತಂಡದ ಎಲ್ಲರೂ ಔಟಾಗುವುದು, ಆದದ್ದು ನನಗೆ ತಿಳಿದದ್ದೇ ಮೈಕಿನಿಂದ.

ಗ್ಯಾಲರಿಯನ್ನು ಕಟ್ಟಿದ್ದು ಅಂಕಣದ ಎರಡು ತುದಿಗಳ ಹಿಂದೆ, ಅಡಿಕೆ ಮರದ ದಬ್ಬೆಗಳ ಮೇಲೆ ಹಲಗೆ ಹೊಡೆದು. ಮೂರನೆಯ ಅಥವಾ ನಾಲ್ಕನೆಯ ಮೆಟ್ಟಿಲಿನಲ್ಲಿ ಕುಳಿತರೆ ಡಿಫೆಂಡರ್‌ಗಳ ಬೆನ್ನು ಕಾಣುತ್ತದೆ, ರೈಡರ್‌ನ ಮುಖ ನೇರ ನಮ್ಮ ಕಡೆಗೇ ಇರುತ್ತದೆ, ಸಾಲಿನ ನಡುಭಾಗದ ಕವರ್‌ನವರು ಬೆನ್ನ ಹಿಂದೆ ಬೆರಳಿನಿಂದ ಕಾರ್ನರ್‌ನವನಿಗೆ ಮಾಡುವ ಸನ್ನೆಯೂ ತಪ್ಪುವುದಿಲ್ಲ. ಹಲಗೆ ಅಲುಗುತ್ತದೆ ಎಂಬುದು ನಿಜ. ದೊಡ್ಡ ಟ್ಯಾಕಲ್ ಆದಾಗ ಎಲ್ಲರೂ ಒಟ್ಟಿಗೆ ಎದ್ದರೆ ಎದೆ ಝಲ್ಲೆನ್ನುತ್ತದೆ. ಕೆಳಗಿನ ಅಡ್ಡಪಟ್ಟಿಗಳಿಗೆ ಹಗ್ಗದ ಬದಲು ಬೋಲ್ಟ್ ಹಾಕಿದ್ದರೆ ಸಮಾಧಾನದಿಂದ ಕೂರಬಹುದಿತ್ತು. ಮಕ್ಕಳನ್ನು ಕರೆತರುವವರು ಅಂಚಿನಲ್ಲಿ ಕೂರಿಸದಿರುವುದು ಒಳ್ಳೆಯದು.

ಭಾನುವಾರ ನನ್ನ ಜೊತೆ ಅಕ್ಕನ ಮಗ ಬಂದಿದ್ದ. ಕಾಲೇಜು ತಂಡದಲ್ಲಿ ಕವರ್ ಆಡುವ ಹುಡುಗ. ಸೆಮಿಫೈನಲ್‌ನಲ್ಲಿ ನಮ್ಮ ರೈಡರ್ ಅಂಕಣಕ್ಕೆ ಇಳಿದ ಕೂಡಲೇ ನಾನು ಮೊಬೈಲ್ ಎತ್ತಿದ್ದನ್ನು ಕಂಡು, "ಮಾವ, ಫೋನ್ ಇಡಿ. ಅವರ ಕೈ ನೋಡ್ಬೇಡಿ, ಕಾಲ್ ನೋಡಿ" ಎಂದ. ಆ ಮಾತು ಕೇಳಿದ್ದಕ್ಕೆ ನೂರು ರೂಪಾಯಿ ಅಲ್ಲೇ ವಸೂಲಾಯಿತು. ಟಿವಿಯಲ್ಲಿ ಆತನಿಗೆ ಹೆಸರು ಬಂದದ್ದು ಡುಬ್ಕಿಯಿಂದ, ಎಂದರೆ ಕೈ ಕೈ ಹಿಡಿದ ಚೈನ್‌ನ ಕೆಳಗೆ ನುಸುಳಿ ನಡುಗೆರೆ ಮುಟ್ಟುವುದರಿಂದ. ಮಂಡಿಗೆ ಪೆಟ್ಟಾದ ಮೇಲೆ ಆತ ಅದನ್ನು ಬಿಟ್ಟಿದ್ದಾನೆ. ಈಗ ಬಲಗಾರ್ನರ್‌ನ ಕಡೆಗೆ ಅವಸರವಿಲ್ಲದೆ ಸರಿದು, ಮೈಭಾರವನ್ನೆಲ್ಲ ಹಿಂದಿನ ಕಾಲಿನ ಮೇಲಿಟ್ಟು, ಮುಂದಿನ ಪಾದದ ಹೆಬ್ಬೆರಳನ್ನು ಮ್ಯಾಟಿನ ಮೇಲೆ ಒಂದೆರಡು ಸಲ ಸುಮ್ಮನೆ ಒತ್ತಿ ತೆಗೆಯುತ್ತಾನೆ. ಎದುರಿನವನು ಅದನ್ನು ಬೋನಸ್ಸಿನ ಪ್ರಯತ್ನವೆಂದು ತಿಳಿದು ಅರ್ಧ ಹೆಜ್ಜೆ ಮುಂದೆ ಬಂದರೆ ಅದೇ ಪಾದ ಅವನ ಮೊಣಕಾಲನ್ನು ತಾಗಿ ಹಿಂದಕ್ಕೆ ಬಂದಿರುತ್ತದೆ. ಬರದಿದ್ದರೆ ನಿಜವಾಗಿಯೂ ಬೋನಸ್ ತೆಗೆದುಕೊಳ್ಳುತ್ತಾನೆ. ಬೋನಸ್ ಸಿಗಬೇಕಾದರೆ ಎದುರು ಅಂಕಣದಲ್ಲಿ ಕನಿಷ್ಠ ಆರು ಮಂದಿ ಇರಬೇಕು, ಒಂದು ಪಾದ ಗೆರೆಯ ಆಚೆ ಊರಿರುವಾಗ ಇನ್ನೊಂದು ಪಾದ ನೆಲ ಬಿಟ್ಟಿರಬೇಕು. ಆ ಎರಡನೆಯ ಪಾದ ಏಳುವುದನ್ನು ಟಿವಿಯಲ್ಲಿ ಮರುಪ್ರಸಾರವಿಲ್ಲದೆ ಹಿಡಿಯುವುದು ಕಷ್ಟ. ಗ್ಯಾಲರಿಯಿಂದ ಅದು ಸ್ಪಷ್ಟವಾಗಿ ಕಂಡಿತು, ಪಾದದಡಿಯ ಶೂ ಸವೆದಿದ್ದುದೂ ಕಂಡಿತು. 30 ಸೆಕೆಂಡಿನ ರೈಡಿನಲ್ಲಿ ಮೊದಲ 20 ಸೆಕೆಂಡು ಏನೂ ನಡೆಯುತ್ತಿಲ್ಲವೆಂದು ಮನೆಯಲ್ಲಿ ಕುಳಿತು ಬೇಸರಪಡುವವರು ಒಮ್ಮೆ ಹೀಗೆ ತುದಿಯ ಗ್ಯಾಲರಿಯಿಂದ ನೋಡಬೇಕು. ಅಂಕ ಸಿದ್ಧವಾಗುವುದೇ ಆ 20 ಸೆಕೆಂಡುಗಳಲ್ಲಿ.

ಹಾಸನದ ಜನವರಿ ರಾತ್ರಿಯ ಇಬ್ಬನಿಯೂ ಒಬ್ಬ ಆಟಗಾರನಂತೆಯೇ ಪಾಲ್ಗೊಂಡಿತ್ತು. ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ಊರು. ಹತ್ತು ಗಂಟೆ ದಾಟಿತೆಂದರೆ ಬಯಲಿನಲ್ಲಿ ಹಾಸಿದ ಮ್ಯಾಟ್ ತೇವವಾಗತೊಡಗುತ್ತದೆ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಆಡುವವರಿಗೆ ಈ ಕಾಟವಿಲ್ಲ. ಇಲ್ಲಿ ಪ್ರತಿ ವಿರಾಮದಲ್ಲೂ ನಾಲ್ಕೈದು ಹುಡುಗರು ಹಳೆಯ ಟವೆಲ್ ಹಿಡಿದು ಮಂಡಿಯೂರಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ಒರೆಸುತ್ತಾ ಹೋಗುತ್ತಿದ್ದರು. ಇಡೀ ಪಂದ್ಯಾವಳಿಯಲ್ಲಿ ಅತ್ಯಂತ ಅಚ್ಚುಕಟ್ಟಾಗಿ ನಡೆದ ಕೆಲಸ ಅದೊಂದೇ ಎಂದರೆ ಅತಿಶಯೋಕ್ತಿಯಲ್ಲ. ಆದರೂ ಮ್ಯಾಟಿನ ಮೇಲೆ ಶಾಮಿಯಾನದ ಮರೆ ಇದ್ದಿದ್ದರೆ ಆ ಶ್ರಮದಲ್ಲಿ ಅರ್ಧ ಉಳಿಯುತ್ತಿತ್ತು. ಶಾಮಿಯಾನವಿತ್ತು, ವೇದಿಕೆಯ ಮೇಲೆ.

ವೇದಿಕೆಯ ವಿಷಯ ಬಂದದ್ದರಿಂದ ಸಂಘಟಕರಿಗೆ ಎರಡು ಮಾತು ಹೇಳಲೇಬೇಕು. ಟಿಕೆಟಿನಲ್ಲಿ ಸಂಜೆ ಏಳು ಗಂಟೆ ಎಂದು ಮುದ್ರಿಸಿದ್ದ ಭಾನುವಾರದ ಮೊದಲ ಪಂದ್ಯ ಶುರುವಾದದ್ದು ಒಂಬತ್ತೂವರೆ ದಾಟಿದ ಮೇಲೆ. ನಡುವಿನ ಸಮಯವೆಲ್ಲ ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಮೈಸೂರು ಪೇಟ, ನೆನಪಿನ ಕಾಣಿಕೆಗಳಿಗೆ ಹೋಯಿತು. ಊರಿನ ಪಂದ್ಯಾವಳಿ ದಾನಿಗಳಿಲ್ಲದೆ ನಡೆಯುವುದಿಲ್ಲ, ದಾನಿಗಳಿಗೆ ಗೌರವ ಸಲ್ಲಬೇಕು ಎಂಬುದನ್ನು ಒಪ್ಪುತ್ತೇನೆ. ಉಚಿತ ಪಂದ್ಯಾವಳಿಯಾಗಿದ್ದರೆ ತುಟಿ ಎರಡು ಮಾಡುತ್ತಿರಲಿಲ್ಲ. ಹಣ ತೆಗೆದುಕೊಂಡು ಸಮಯ ಮುದ್ರಿಸಿದ ಮೇಲೆ ಅದಕ್ಕೊಂದು ಬೆಲೆ ಇರಬೇಕು. ಅದಕ್ಕಿಂತ ಬೇಸರ ತರಿಸಿದ್ದು ಫ್ಲೆಕ್ಸಿನಲ್ಲಿ ದೊಡ್ಡದಾಗಿ ಚಿತ್ರ ಹಾಕಿದ್ದ ಇನ್ನಿಬ್ಬರು ಆಟಗಾರರು ಬರದೇ ಇದ್ದುದು. ಬರುವುದಿಲ್ಲವೆಂದು ಮೈಕಿನಲ್ಲಿಯೂ ಹೇಳಲಿಲ್ಲ, ಟಿಕೆಟ್ ಕೌಂಟರಿನಲ್ಲಿಯೂ ಹೇಳಲಿಲ್ಲ. ಅವರಿಗಾಗಿಯೇ ಅರಕಲಗೂಡಿನಿಂದ ಬಂದಿದ್ದ ನಾಲ್ವರು ಯುವಕರು ನನ್ನ ಹಿಂದಿನ ಸಾಲಿನಲ್ಲಿ ಮಧ್ಯರಾತ್ರಿಯವರೆಗೂ "ಈಗ ಬರಬಹುದು" ಎನ್ನುತ್ತಾ ಕುಳಿತಿದ್ದರು.

ವೀಕ್ಷಕ ವಿವರಣೆ ಮಾತ್ರ ಸೊಗಸಾಗಿತ್ತು. ವಿವರಣೆಗಾರರಿಗೆ ಆಟ ಗೊತ್ತಿತ್ತು. ಮೂರು ಅಥವಾ ಅದಕ್ಕಿಂತ ಕಡಿಮೆ ಡಿಫೆಂಡರ್‌ಗಳು ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚು, ಎಂಬಂಥ ನಿಯಮಗಳನ್ನು ಆಟದ ಓಘ ತಪ್ಪದಂತೆ ಹೊಸಬರಿಗೆ ಹೇಳುತ್ತಿದ್ದರು. ತಿಂಡಿಯ ಬಗ್ಗೆ ದೂರಿಲ್ಲ: ಮಸಾಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಎಗ್ ರೈಸ್, ಎಲ್ಲವೂ ಪೇಟೆಯ ದರಕ್ಕೇ ಸಿಗುತ್ತಿದ್ದವು. ಶೌಚಾಲಯದ ಬಗ್ಗೆ ದೂರಿದೆ. ಹೆಂಗಸರಿಗೆಂದು ಇದ್ದ ಒಂದೇ ಶೌಚಾಲಯಕ್ಕೆ ದೀಪವಿರಲಿಲ್ಲ. ಮಹಿಳೆಯರಿಗೆ ಪ್ರತ್ಯೇಕ ಆಸನ ವ್ಯವಸ್ಥೆ ಇದೆ ಎಂದು ಸಾರಿದವರು ಇದನ್ನು ಯೋಚಿಸಲೇ ಇಲ್ಲ. ತೇಜಸ್ವಿನಿ ಬಾಯಿ, ಮಮತಾ ಪೂಜಾರಿಯಂಥ ಅರ್ಜುನ ಪ್ರಶಸ್ತಿ ವಿಜೇತೆಯರನ್ನು ಕೊಟ್ಟ ರಾಜ್ಯದಲ್ಲಿ ಮೂರು ರಾತ್ರಿಯ ಪಂದ್ಯಾವಳಿಗೆ ಮಹಿಳೆಯರ ಒಂದು ಪ್ರದರ್ಶನ ಪಂದ್ಯವನ್ನಾದರೂ ಸೇರಿಸಬಹುದಿತ್ತು.

ಫೈನಲ್ ಶುರುವಾದಾಗ ಒಂದೂವರೆ ಗಂಟೆ. ಸೆಮಿಫೈನಲ್‌ನಲ್ಲಿ ತಂಡವನ್ನು ಹೆಚ್ಚುಕಡಿಮೆ ಒಬ್ಬನೇ ದಾಟಿಸಿದ್ದ ನಮ್ಮ ರೈಡರ್ ಇಲ್ಲಿ ದಣಿದಿದ್ದ. ಎರಡು ಪಂದ್ಯಗಳ ನಡುವೆ ಸಿಕ್ಕ ವಿಶ್ರಾಂತಿ ಬಹಳ ಕಡಿಮೆ. ಕೊನೆಯ ನಿಮಿಷಗಳಲ್ಲಿ ತಂಡ ಎರಡು ಅಂಕ ಹಿಂದಿತ್ತು, ಸತತ ಎರಡು ಖಾಲಿ ರೈಡುಗಳ ನಂತರದ, ಅಂಕ ತರದಿದ್ದರೆ ರೈಡರ್ ಔಟಾಗುವ ಡೂ ಆರ್ ಡೈ ರೈಡು ಆತನ ಪಾಲಿಗೆ ಬಂತು, ಎದುರಿಗೆ ಉಳಿದಿದ್ದವರು ಮೂವರು. ಮೂವರೇ ಇದ್ದುದರಿಂದ ಬೋನಸ್ಸಿನ ದಾರಿ ಮುಚ್ಚಿತ್ತು, ಎಂದರೆ ಹೆಬ್ಬೆರಳಿನ ಆ ಆಮಿಷಕ್ಕೆ ಬೆಲೆಯೇ ಇರಲಿಲ್ಲ. ಎಡಗಾರ್ನರ್‌ನಲ್ಲಿದ್ದ ಚನ್ನರಾಯಪಟ್ಟಣ ಕಡೆಯ ಕಾಲೇಜು ಹುಡುಗನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆತ ಪಾದದ ಆಟಕ್ಕೆ ಮರುಳಾಗದೆ, ರೈಡರ್ ತಿರುಗುವವರೆಗೂ ಕಾದು, ಹಿಂದಿನ ಕಾಲಿನ ಹರಡನ್ನು ಎರಡೂ ಕೈಯಿಂದ ಹಿಡಿದು ಮ್ಯಾಟಿಗೆ ಮೈಚೆಲ್ಲಿದ. ಉಳಿದಿಬ್ಬರು ಬಂದು ಬೀಳುವಷ್ಟರಲ್ಲಿ ಕೆಲಸ ಮುಗಿದಿತ್ತು. ಸೂಪರ್ ಟ್ಯಾಕಲ್, ಎರಡು ಅಂಕ, ಪಂದ್ಯವೂ ಅಲ್ಲಿಗೇ. ನನ್ನ ಆಟಗಾರ ಸೋತದ್ದಕ್ಕೆ ಬೇಸರವಾದರೂ, ಅಂಥ ಹಿಡಿತವನ್ನು ಅಷ್ಟು ಹತ್ತಿರದಿಂದ ಬೇರೆಲ್ಲೂ ನೋಡಿಲ್ಲ. ಅಕ್ಕನ ಮಗನಂತೂ ಪಕ್ಷಾಂತರ ಮಾಡಿ ಆಗಲೇ ಆ ಹುಡುಗನ ಕಡೆಗೆ ಓಡಿದ್ದ.

ಬಹುಮಾನ ವಿತರಣೆ ಮುಗಿದ ಮೇಲೆ ಆಟಗಾರರನ್ನು ಮಾತನಾಡಿಸಲು ಯಾರ ಅಡ್ಡಿಯೂ ಇರುವುದಿಲ್ಲ. ನಮ್ಮ ರೈಡರ್ ಮಂಡಿಗೆ ಐಸ್ ಕಟ್ಟಿಕೊಂಡು ಮ್ಯಾಟಿನ ಅಂಚಿನಲ್ಲೇ ಕುಳಿತು, ಬಂದವರಿಗೆಲ್ಲ ಸಹಿ ಹಾಕಿಕೊಟ್ಟ, ಫೋಟೊಗೆ ನಿಂತ. ಡುಬ್ಕಿ ಯಾವಾಗ ಎಂದು ಯಾರೋ ಕೇಳಿದ್ದಕ್ಕೆ ಮಂಡಿ ತೋರಿಸಿ ನಕ್ಕ. ಸೋಫಾದ ಟಿಕೆಟಿನವರಿಗೆ ಆಟಗಾರರ ಭೇಟಿಯ ಅವಕಾಶವೆಂದು ಫ್ಲೆಕ್ಸಿನಲ್ಲಿ ಹಾಕಿದ್ದರಾದರೂ, ಗ್ಯಾಲರಿಯವರು ಹಗ್ಗ ದಾಟಿ ಬಂದದ್ದನ್ನು ಯಾರೂ ತಡೆಯಲಿಲ್ಲ.

ಮುಂದಿನ ಸಲ ಹೋಗುವವರು ಶನಿವಾರವನ್ನು ಬಿಟ್ಟು ಕೊನೆಯ ರಾತ್ರಿಗೆ ಮಾತ್ರ ಟಿಕೆಟ್ ತೆಗೆದುಕೊಳ್ಳಿ, ಮನೆಯಲ್ಲಿ ಊಟ ಮುಗಿಸಿ ಒಂಬತ್ತಕ್ಕೆ ಹೊರಡಿ, ಸ್ವೆಟರ್ ಜೊತೆಗೆ ಹಲಗೆಯ ಮೇಲೆ ಹಾಸಿಕೊಳ್ಳಲು ದಪ್ಪ ಬೆಡ್‌ಶೀಟ್ ಒಯ್ಯಿರಿ. ಬೆಂಗಳೂರು, ಮಂಗಳೂರು ಕಡೆಯ ಬಸ್ಸುಗಳು ರಾತ್ರಿಯಿಡೀ ಸಿಗುತ್ತವೆ. ತಾಲ್ಲೂಕಿನ ಹಳ್ಳಿಗಳಿಗೆ ಹೋಗುವವರು ಸ್ವಂತ ವಾಹನ ತರದಿದ್ದರೆ ಬೆಳಗಿನ ಮೊದಲ ಬಸ್ಸಿನವರೆಗೆ ನಿಲ್ದಾಣದಲ್ಲೇ ಕಾಯಬೇಕಾಗುತ್ತದೆ. ಬೈಕುಗಳನ್ನು ಮೈದಾನದ ಒಳಗೆ ನಿಲ್ಲಿಸಿದರೆ ಎಲ್ಲರೂ ಖಾಲಿಯಾಗುವವರೆಗೆ ಹೊರಗೆ ತೆಗೆಯಲಾಗುವುದಿಲ್ಲ, ಆದ್ದರಿಂದ ರಸ್ತೆಯ ಬದಿಯೇ ಮೇಲು.