ಚಿಕ್ಕಪೇಟೆಯ ಪಾತ್ರೆ ಅಂಗಡಿ: ಮದುವೆಗೆ ಮುಂಚೆ ಇಬ್ಬರೂ ಸೇರಿ ಹೋಗಿ

ಹೊಸ ಸಂಸಾರಕ್ಕೆ ಪಾತ್ರೆ ಪಗಡ ಕೊಳ್ಳುವವರು ಮೊಬೈಲಿನಲ್ಲಿ ಸೆಟ್ ಆರಿಸಿ ತರಿಸಿಕೊಳ್ಳುವ ಮುಂಚೆ ಈ ಅಂಗಡಿಯನ್ನು ಒಮ್ಮೆ ನೋಡಬೇಕು. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು, ಆದರೆ ಎದುರಿನಿಂದ ಕೈಗಾಡಿ ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾದಂಥ ಗಲ್ಲಿ. ಅಂಗಡಿಯ ಹೆಸರು ಬರೆಯುತ್ತಿಲ್ಲ, ಯಜಮಾನರೇ ಬೇಡವೆಂದರು. ವಿಡಿಯೊ ಮಾಡುವವರು ಬಂದು ಬಾಗಿಲಿಗೆ ಅಡ್ಡ ನಿಂತು, ಪಕ್ಕದ ಗುಂಡಿ ದಾರದ ಅಂಗಡಿಯವರೊಂದಿಗೆ ಅವರಿಗೆ ಈಗಾಗಲೇ ಮನಸ್ತಾಪವಾಗಿದೆಯಂತೆ. ಆ ಗಲ್ಲಿಯಲ್ಲಿ ಕೊಳಗಗಳನ್ನು ಹೊರಗೆ ಪೇರಿಸಿಟ್ಟಿರುವುದು ಇದೊಂದೇ ಅಂಗಡಿ. ಹುಡುಕಿದವರಿಗೆ ಸಿಗುತ್ತದೆ.

ನನ್ನ ಊರು ಗದಗ ಜಿಲ್ಲೆಯಲ್ಲಿ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ನಾನು ಮದುವೆಯಾಗಲಿರುವ ಹರೀಶ ಮದ್ದೂರಿನ ಕಡೆಯವನು, ಸಾಗಣೆ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ನಿಶ್ಚಿತಾರ್ಥ ಮುಗಿದಿದೆ, ಆಷಾಢ ಕಳೆದ ಮೇಲೆ ಮದುವೆ. ವಿಜಯನಗರದಲ್ಲಿ ಲಿಫ್ಟ್ ಇಲ್ಲದ ಮೂರನೆಯ ಮಹಡಿಯ ಮನೆಗೆ ಮುಂಗಡವನ್ನೂ ಕೊಟ್ಟಾಗಿದೆ. ನಮ್ಮಿಬ್ಬರ ಜಾತಿ ಬೇರೆ, ಊಟ ಬೇರೆ. ಎರಡೂ ಮನೆಯವರನ್ನು ಒಪ್ಪಿಸುವುದರಲ್ಲೇ ನಮ್ಮ ಮಾತೆಲ್ಲ ಖರ್ಚಾಗಿ, ಒಪ್ಪಿದ ಮೇಲೆ ಒಂದೇ ಸೂರಿನಡಿ ಹೇಗಿರುತ್ತೇವೆ ಎಂಬುದನ್ನು ಮಾತನಾಡುವುದೇ ಉಳಿದುಹೋಗಿತ್ತು. ಕಿಟಕಿಗೆ ಯಾವ ಬಣ್ಣದ ಪರದೆ ಎಂಬುದು ತೀರ್ಮಾನವಾಗಿತ್ತು. ಭಾನುವಾರ ಒಲೆಯ ಮೇಲೆ ಏನು ಬೇಯುತ್ತದೆ ಎಂಬುದು ಆಗಿರಲಿಲ್ಲ. ಇಷ್ಟು ವರ್ಷ ಪಿಜಿಯಲ್ಲಿದ್ದ ನನಗೆ ಸ್ವಂತದ್ದೆಂದರೆ ಒಂದು ತಟ್ಟೆ, ಒಂದು ಲೋಟ, ನೀರು ಕಾಯಿಸುವ ಒಂದು ಕೆಟಲ್. ಒಗ್ಗರಣೆ ಸೌಟನ್ನೂ ದುಡ್ಡು ಕೊಟ್ಟು ಕೊಳ್ಳಬೇಕು ಎಂಬುದು ತಲೆಗೆ ಹೊಳೆದಿರಲೇ ಇಲ್ಲ.

ಈ ಅಂಗಡಿಯ ವಿಶೇಷವೆಂದರೆ, ಯಜಮಾನರು ಪ್ರಶ್ನೆ ಕೇಳಿ ಮುಗಿಸುವ ತನಕ ಅಟ್ಟದ ಮೇಲಿನಿಂದ ಒಂದು ಚಮಚವನ್ನೂ ಇಳಿಸುವುದಿಲ್ಲ. ನಾವು ಒಯ್ದಿದ್ದ ಪಟ್ಟಿಯನ್ನು ಓದಿ ಮಡಚಿ ನನ್ನ ಕೈಗೇ ಕೊಟ್ಟರು. “ಇದು ಅಂಗಡಿ ಇಡುವವರ ಪಟ್ಟಿ. ಮನೆಯಲ್ಲಿ ಎಷ್ಟು ಜನ ಇರುತ್ತೀರಿ, ಅದನ್ನು ಹೇಳಿ ತಾಯಿ.”

ನಾನು ಇಬ್ಬರು ಎಂದೆ. ಅದೇ ಹೊತ್ತಿಗೆ ಹರೀಶ ಮೂವರು ಎಂದ.

ಅವನ ತಂದೆ ತೀರಿಕೊಂಡ ಮೇಲೆ ತಾಯಿ ಊರಿನಲ್ಲಿ ಒಬ್ಬರೇ ಇದ್ದಾರೆ. ಅವರು ಬಂದು ಇರುತ್ತಾರೆಂಬುದು ಅವನ ಮಟ್ಟಿಗೆ ಹೇಳಬೇಕಾದ ಸಂಗತಿಯೇ ಅಲ್ಲ. ಒಂದು ಮಲಗುವ ಕೋಣೆಯ ಮನೆಗೆ ಒಪ್ಪಿಕೊಂಡಿದ್ದ ನನ್ನ ಮಟ್ಟಿಗೆ ಅದು ದೊಡ್ಡ ಸುದ್ದಿ. ತಕ್ಕಡಿಯ ಪಕ್ಕಕ್ಕೆ ಸರಿದು ಮಾತನಾಡಿದೆವು. ಅತ್ತೆ ಬರುವುದು ಬೇಡವೆಂಬ ಮಾತೇ ನನ್ನಲ್ಲಿರಲಿಲ್ಲ. ಯಾವಾಗ, ಎಷ್ಟು ದಿನಕ್ಕೆ, ಎಲ್ಲಿ ಮಲಗುತ್ತಾರೆ ಎಂಬುದು ಕುಕ್ಕರ್ ಕೊಳ್ಳುವಾಗ ತಿಳಿಯುವ ವಿಷಯವಲ್ಲ ಎಂದಷ್ಟೇ ಹೇಳಿದೆ. ಅಷ್ಟು ಹೊತ್ತೂ ಯಜಮಾನರು ನಮ್ಮ ಕಡೆ ತಿರುಗದೆ ಚಹಾ ತರಿಸಿಕೊಂಡು ಕುಡಿದರು. ಕೊನೆಗೆ ಅವರೇ ದಾರಿ ಹೇಳಿದರು: “ಇಬ್ಬರಿಗೆ ಮೂರು ಲೀಟರಿನದು ಸಾಕು, ಈಗ ಅದನ್ನು ಒಯ್ಯಿರಿ. ಅಮ್ಮ ಬಂದ ಮೇಲೆ ಅವರನ್ನೇ ಇಲ್ಲಿಗೆ ಕರೆತನ್ನಿ, ಐದು ಲೀಟರಿನದನ್ನು ಅವರೇ ಆರಿಸಲಿ.” ದೊಡ್ಡದನ್ನು ಅಂದೇ ಮಾರಬಹುದಾಗಿದ್ದ ಮನುಷ್ಯ!

ಕುಕ್ಕರಿನ ಬಗ್ಗೆ ಅವರು ಹೇಳಿದ್ದನ್ನು ಎಲ್ಲರಿಗೂ ಉಪಯೋಗವಾಗಲೆಂದು ಬರೆಯುತ್ತೇನೆ. ಮುಚ್ಚಳ ಒಳಗೆ ಕೂರುವುದೋ ಹೊರಗೆ ಕೂರುವುದೋ ಎಂಬುದು ಬರೀ ರೂಢಿಯ ಪ್ರಶ್ನೆಯಲ್ಲ. ಡಬ್ಬಿಗಳನ್ನು ಒಂದರ ಮೇಲೊಂದಿಟ್ಟು ಅನ್ನ, ಬೇಳೆ, ತರಕಾರಿ ಒಟ್ಟಿಗೆ ಬೇಯಿಸುವವರಿಗೆ ಹೊರಮುಚ್ಚಳದ್ದು ಅನುಕೂಲ. ನೇರವಾಗಿ ಕುಕ್ಕರಿನಲ್ಲೇ ಹುಳಿ, ಪಲಾವ್ ಮಾಡುವವರು ಒಳಮುಚ್ಚಳದ್ದನ್ನು ಒಯ್ಯಬಹುದು. ಒಳಗಿನ ಒತ್ತಡವೇ ಮುಚ್ಚಳವನ್ನು ಬಿಗಿಯಾಗಿ ಹಿಡಿದಿರುತ್ತದೆ, ಒತ್ತಡ ಇಳಿಯದೆ ತೆಗೆಯಲು ಬರುವುದಿಲ್ಲ. ಮೂರು ಲೀಟರ್ ಎಂದರೆ ಮೂರು ಲೀಟರ್ ತುಂಬಬಹುದು ಎಂದಲ್ಲ: ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು, ಬೇಳೆಯಂತೆ ಉಬ್ಬುವುದಾದರೆ ಅರ್ಧಕ್ಕೇ ನಿಲ್ಲಿಸಬೇಕು. ಪ್ರೆಷರ್ ಕುಕ್ಕರಿಗೆ ಐಎಸ್‌ಐ ಗುರುತು 2021ರಿಂದ ಕಡ್ಡಾಯ. ಗುರುತಿನ ಮೇಲೆ ಐಎಸ್ 2347 ಎಂಬ ಸಂಖ್ಯೆ ಇದೆಯೇ ಎಂದು ತಿರುಗಿಸಿ ನೋಡಿ. ಅವರು ತಾವಾಗಿಯೇ ತಿರುಗಿಸಿ ತೋರಿಸಿದರು.

ಒಂದು ಕಡೆ ನನಗೆ ಸಿಟ್ಟು ಬಂತು. ಪಾತ್ರೆಯ ತೂಕ ನೋಡಲೆಂದು ಪ್ರತಿಯೊಂದನ್ನೂ ನನ್ನ ಕೈಗೇ ಕೊಡುತ್ತಿದ್ದರು. ನನಗೆ ತಿಂಗಳಲ್ಲಿ ಒಂದಿಷ್ಟು ರಾತ್ರಿ ಪಾಳಿ ಇರುತ್ತದೆ, ಆ ದಿನಗಳಲ್ಲಿ ಸೌಟು ಹಿಡಿಯುವವನು ಇವನೇ, ಇವನಿಗೂ ಕೊಡಿ ಎಂದೆ. ಕೊಟ್ಟರು. ಹರೀಶ ಒಂದು ದಪ್ಪ ತಳದ ಬಾಣಲೆಯನ್ನು ಒಂದೇ ಕೈಯಲ್ಲಿ ಎತ್ತಿ ಕೆಳಗಿಟ್ಟು, ಇದಕ್ಕೆ ಎರಡು ಹಿಡಿ ಬೇಕು ಎಂದ. ಅಲ್ಲಿಂದ ಮುಂದೆ ಎಲ್ಲವನ್ನೂ ಇಬ್ಬರ ಕೈಯಲ್ಲೂ ಇಟ್ಟು ನೋಡಿದೆವು. ಹಾಲಿನ ಪಾತ್ರೆಯ ಹತ್ತಿರ ಬಂದಾಗ, “ದೊಡ್ಡದನ್ನೇ ಒಯ್ಯಿರಿ, ಮಗುವಾದ ಮೇಲೆ ಬೇಕಾಗುತ್ತದೆ” ಎಂದರು. ಅದನ್ನು ಆಗ ನೋಡಿಕೊಳ್ಳುತ್ತೇವೆ ಎಂದು ಚಿಕ್ಕದನ್ನೇ ಎತ್ತಿಟ್ಟೆ. ಇಂಥ ಮಾತು ಸಹಿಸದವರು ಆ ಅಂಗಡಿಗೆ ಹೋಗದಿರುವುದೇ ಒಳ್ಳೆಯದು.

ಆದರೆ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಅವರು ಸುತ್ತುಬಳಸದೆ ಕೇಳಿದರು: “ಮನೆಯಲ್ಲಿ ಬಾಡಿನ ಅಡುಗೆ ಇದೆಯೋ?”

ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಹರೀಶನ ಮನೆಯಲ್ಲಿ ಬಾಡಿಲ್ಲದ ಹಬ್ಬವನ್ನು ಹಬ್ಬವೆಂದು ಲೆಕ್ಕಕ್ಕಿಡುವುದಿಲ್ಲ. ಅವನು, ನಾನು ಹೊರಗೆ ತಿನ್ನುತ್ತೇನೆ ಬಿಡಿ ಎಂದ. ನಿಮ್ಮ ಅಮ್ಮನೂ ಹೊರಗೇ ತಿನ್ನುತ್ತಾರೆಯೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ಇಂಥ ಜೋಡಿಗಳು ಯಜಮಾನರಿಗೆ ಹೊಸತಲ್ಲ. ಬೇರೆ ಪಾತ್ರೆ ಇಟ್ಟುಕೊಳ್ಳುವುದಾದರೆ ಗುರುತು ಹಾಕಿದರೆ ಸಾಲದು, ಆಕಾರವೇ ಬೇರೆಯಿರಬೇಕು ಎಂದರು. ಎಲ್ಲವೂ ಸ್ಟೀಲ್ ಆದರೆ ತೊಳೆಯುವಾಗ ಅದಲುಬದಲಾಗುತ್ತದೆ, ಆಮೇಲೆ ಅದೇ ಒಂದು ರಂಪ. ಅಗಲ ಬಾಯಿಯ ಹಿಂಡಾಲಿಯಂ ಡಬರಿಯೊಂದನ್ನು ಇಳಿಸಿ ಅದಕ್ಕೊಂದು ಸೌಟು, ಒಂದು ಚಾಕು, ತಿಕ್ಕುವ ನಾರು ಬೇರೆ ಇಡಿ ಎಂದರು. ಆ ಡಬರಿಯನ್ನು ನಡುವೆ ಇಟ್ಟುಕೊಂಡೇ ನಾವು ಒಪ್ಪಂದಕ್ಕೆ ಬಂದೆವು. ಅದು ಹಿಂದಿನ ಯುಟಿಲಿಟಿಯಲ್ಲಿ ಇರುತ್ತದೆ, ಬೇಯಿಸುವವನೂ ತೊಳೆಯುವವನೂ ಹರೀಶನೇ. ನಮ್ಮ ಅವ್ವನಿಗೆ ಈ ಸಂಗತಿ ತಿಳಿಸುವವಳು ನಾನು, ಮದುವೆಗೆ ಮುಂಚೆಯೇ. ಮೂಗು ಮುಚ್ಚಿಕೊಳ್ಳುವುದಿಲ್ಲ ಎಂದು ನಾನೂ ಮಾತು ಕೊಟ್ಟಿದ್ದೇನೆ. ಅದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದು ಶ್ರಾವಣ ಕಳೆದ ಮೇಲೆ ಗೊತ್ತಾಗಬೇಕು.

ಅವ್ವನಿಗೆ ಆ ರಾತ್ರಿಯೇ ಫೋನ್ ಮಾಡಿದೆ. ತುಸು ಹೊತ್ತು ಸುಮ್ಮನಿದ್ದವಳು, “ರೊಟ್ಟಿ ಹಂಚು ತೆಗೆದುಕೊಂಡೆಯೋ ಇಲ್ಲವೋ?” ಎಂದು ಕೇಳಿದಳು.

ತೆಗೆದುಕೊಂಡಿದ್ದೆ. ಅಲ್ಲೂ ಒಂದು ವಾದ ನಡೆದಿತ್ತು. ಬೀಡಿನ ಕಾವಲಿ ಒಂದಿದ್ದರೆ ದೋಸೆಗೂ ಆಯಿತು, ನಿನ್ನ ಜೋಳದ ರೊಟ್ಟಿಗೂ ಆಯಿತು ಎನ್ನುವುದು ಹರೀಶನ ಲೆಕ್ಕಾಚಾರ. ಜೋಳದ ರೊಟ್ಟಿ ಹಂಚಿನ ಮೇಲಿರುವಾಗ ನೀರು ಸವರುತ್ತೇವೆ. ದೋಸೆ ಕಾವಲಿಗೆ ಎಣ್ಣೆ ಉಣಿಸಿ ಉಣಿಸಿ ಪಳಗಿಸಿದ ಪದರ ಆ ನೀರಿಗೆ ಕಿತ್ತು ಬರುತ್ತದೆ, ಆಮೇಲೆ ದೋಸೆ ಏಳುವುದಿಲ್ಲ. ಇದನ್ನು ನಾನು ಹೇಳುವ ಮೊದಲೇ ಯಜಮಾನರು ಹೇಳಿದ್ದರಿಂದ ಅವನು ತೆಪ್ಪಗಾದ. ಹಾಗಾಗಿ ದೋಸೆಗೆ ಬೀಡಿನ ಕಾವಲಿ, ರೊಟ್ಟಿಗೆ ತೆಳು ಕಬ್ಬಿಣದ ಹಂಚು, ಹಿಟ್ಟು ನಾದಲು ಒಂದು ಪರಾತ. ಮುದ್ದೆಗೆ ದಪ್ಪ ತಳದ ಪಾತ್ರೆ ಮತ್ತು ಹಿಟ್ಟಿನ ದೊಣ್ಣೆ. ದೊಣ್ಣೆಯನ್ನು ಹರೀಶ ಆರಿಸಿದ ಶ್ರದ್ಧೆಯನ್ನು ನೋಡಬೇಕಿತ್ತು. ಕ್ರಿಕೆಟ್ ಬ್ಯಾಟಿನಂತೆ ಒಂದೊಂದನ್ನೂ ನೆಲಕ್ಕೆ ಕುಟ್ಟಿ ನೋಡಿದ.

ಸ್ಟೀಲಿನ ವಿಷಯದಲ್ಲಿ ಅವರು ಆಡಿದ್ದು ನೇರ ಮಾತು. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂದು ನಮ್ಮಲ್ಲಿ ನಂಬಿಕೆಯಿದೆ. ಆದರೆ 304 ದರ್ಜೆಗೂ ಅಂಟುವುದಿಲ್ಲ, ಅಗ್ಗದ 202ಕ್ಕೂ ಅಂಟುವುದಿಲ್ಲ. 304ರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಉಪ್ಪು, ಹುಳಿ ದಿನವೂ ತಾಗುವ ಪಾತ್ರೆ 304 ಆಗಿರಲಿ, ಅಕ್ಕಿ ಬೇಳೆ ತುಂಬಿಡುವ ಡಬ್ಬಿಗೆ 202 ಆದರೂ ನಡೆಯುತ್ತದೆ ಎಂದು ಅವರೇ ನಮ್ಮ ಬಿಲ್ಲು ಇಳಿಸಿದರು. ಇನ್ನೊಂದು ತಮಾಷೆ: ಇಂಡಕ್ಷನ್ ಒಲೆಗೆ ಅಯಸ್ಕಾಂತ ಅಂಟುವ ತಳವೇ ಬೇಕು. ಗ್ಯಾಸ್ ಸಂಪರ್ಕ ಸಿಗುವ ತನಕ ಇಂಡಕ್ಷನ್ ಇಡುವ ಯೋಚನೆ ನಮ್ಮದು. ಅದನ್ನು ಹೇಳಿದ್ದರಿಂದ ತಳಕ್ಕೆ ಬೇರೆ ಪದರ ಕೂರಿಸಿದ ಪಾತ್ರೆಗಳನ್ನೇ ತೋರಿಸಿದರು. ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ, ಸಂಖ್ಯೆ ಏರಿದಷ್ಟೂ ತಗಡು ತೆಳು: 20 ಗೇಜಿನದು 22ಕ್ಕಿಂತ ದಪ್ಪ. ಗೊತ್ತಿಲ್ಲದವರು ದೊಡ್ಡ ಸಂಖ್ಯೆಗೆ ಮರುಳಾಗುತ್ತಾರೆ.

ಹಿತ್ತಾಳೆ ಪಾತ್ರೆ ನನಗೆ ಇಷ್ಟವಿತ್ತು. ಅದಕ್ಕೆ ಒಳಗೆ ತವರದ ಕಲಾಯಿ ಬೇಕು, ಸವೆದಾಗ ಮತ್ತೆ ಹಾಕಿಸಬೇಕು, ಇಲ್ಲದಿದ್ದರೆ ಹುಳಿ ಪದಾರ್ಥ ಕಿಲುಬು ಹಿಡಿಯುತ್ತದೆ. ಕಲಾಯಿ ಹಾಕುವವರು ನಿಮ್ಮ ಬೀದಿಗೆ ಬರುತ್ತಾರೆಯೇ ಎಂದರು. ಬರುವುದಿಲ್ಲ. ಬಿಟ್ಟೆ.

ಇನ್ನು ಹೆಸರು ಕೆತ್ತಿಸುವ ಕೆಲಸ. ಅಂಗಡಿಯ ಮೂಲೆಯಲ್ಲಿ ಕೆತ್ತುವ ಯಂತ್ರ ಹಿಡಿದು ಕೂತ ಹುಡುಗನೊಬ್ಬನಿದ್ದಾನೆ, ಅಕ್ಷರಕ್ಕಿಷ್ಟು ಎಂದು ದರ. ನಮ್ಮ ಮನೆಯಿಂದ ಕೊಡುವ ಪಾತ್ರೆಗಳ ಮೇಲೆ ಅಪ್ಪನ ಹೆಸರಿರಬೇಕು ಎಂಬುದು ಅವ್ವನ ಆಸೆ. ಈ ದುಡ್ಡು ಮಾತ್ರ ನಮ್ಮಿಬ್ಬರ ಸಂಬಳದ್ದು, ಅಪ್ಪನದಲ್ಲ. ಹರೀಶನ ಹೆಸರೊಂದನ್ನೇ ಹಾಕಿಸಿದರೆ ನನಗೆ ಸರಿಬರುವುದಿಲ್ಲ. ನನ್ನದೊಂದನ್ನೇ ಹಾಕಿಸಿದರೆ, ಬೀಗರ ಮನೆಯ ಪಾತ್ರೆ ಎಂದು ಅವನ ಅತ್ತಿಗೆ ಆಡಿಕೊಳ್ಳುತ್ತಾರೆ. ಇಬ್ಬರದೂ ಇರಲಿ ಎಂದೆವು. ಯಾರದು ಮೊದಲು ಎಂದು ಹುಡುಗ ಕೇಳಿದ! ಅರ್ಧಕ್ಕೆ ನನ್ನದು ಮೊದಲು, ಅರ್ಧಕ್ಕೆ ಅವನದು ಎಂದು ಹಂಚಿದೆವು. ಹುಡುಗ ತಲೆಯೆತ್ತದೆ ಕೆತ್ತುತ್ತಾ ಹೋದ. ಮನೆಗೆ ಬಂದು ನೋಡಿದರೆ ಎರಡು ಡಬ್ಬಿಗಳ ಮೇಲೆ ‘ವಿದ್ಯಾ’ ಹೋಗಿ ‘ವಿಧ್ಯಾ’ ಆಗಿದ್ದಾಳೆ. ದಕಾರದ ಹೊಟ್ಟೆ ಸೀಳಿಬಿಟ್ಟಿದ್ದಾನೆ. ಕೆತ್ತಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂಬ ಫಲಕ ಅಲ್ಲೇ ತೂಗುತ್ತಿದೆ. ಫೋನಿನಲ್ಲಿ ಹೇಳಿದಾಗ ಯಜಮಾನರು, ಕೆತ್ತನೆಯ ಹಣ ಹಿಂದಿರುಗಿಸುತ್ತೇನೆ, ಡಬ್ಬಿ ಬದಲಿಸಲಾಗದು ಎಂದರು. ತಪ್ಪು ಅವರದಾಗಿರುವಾಗ ಬದಲಿಸಿಕೊಡುವುದೇ ನ್ಯಾಯ. ಐದರಲ್ಲಿ ಒಂದು ನಕ್ಷತ್ರವನ್ನು ನಾನು ಕಳೆದದ್ದು ಇದಕ್ಕೇ.

ಒಟ್ಟು ಖರ್ಚು ₹16,000 ದಾಟಲಿಲ್ಲ. ನಮ್ಮ ಹಳೆಯ ಪಟ್ಟಿಯಂತೆ ಹೋಗಿದ್ದರೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಲು ನನ್ನ ಲೆಕ್ಕಿಗನೇ ಒಪ್ಪುತ್ತಿಲ್ಲ. ಮಿಕ್ಸಿ, ನಾನ್‌ಸ್ಟಿಕ್ ಬಾಣಲೆ ಇಲ್ಲಿ ಕೊಳ್ಳಬೇಡಿ. ಆಯ್ಕೆ ಕಡಿಮೆ, ಇರುವುದರ ಪೆಟ್ಟಿಗೆಯ ಮೇಲೂ ಧೂಳು. ಬಿಲ್ಲು ಬರೆಯುವುದು ನಿಧಾನ, ಪ್ರತಿಯೊಂದನ್ನೂ ತೂಗಿ ಕಾಗದದ ಮೇಲೆ ಕೂಡುತ್ತಾರೆ. ನಿಂತು ನಿಂತು ಕಾಲು ಸೋಲುತ್ತದೆ, ಕೂರಲು ಇರುವುದು ಒಂದೇ ಸ್ಟೂಲ್. ಮನೆಗೆ ಸಾಗಿಸುವ ವ್ಯವಸ್ಥೆಯಿಲ್ಲ, ಮುಖ್ಯರಸ್ತೆಯವರೆಗೆ ಹೊರುವವರು ಸಿಗುತ್ತಾರೆ, ಕೂಲಿಯನ್ನು ಮೊದಲೇ ಮಾತನಾಡಿಕೊಳ್ಳಿ. ಕಾರು ತರುವ ಸಾಹಸ ಬೇಡ. ನೇರಳೆ ಮಾರ್ಗದವರು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ.

ಹೋಗುವ ಮುಂಚೆ ಅಡುಗೆಮನೆಯ ಕಪಾಟಿನ ಎತ್ತರ, ಆಳ ಅಳೆದುಕೊಂಡು ಹೋಗಿ, ಅದನ್ನೂ ಕೇಳುತ್ತಾರೆ. ಅಮ್ಮ, ಅತ್ತೆ, ಚಿಕ್ಕಮ್ಮಂದಿರನ್ನು ಮೊದಲ ಸಲ ಕರೆದೊಯ್ಯಬೇಡಿ. ಪ್ರಶ್ನೆಗಳಿಗೆ ಅವರೇ ಉತ್ತರ ಹೇಳಿಬಿಡುತ್ತಾರೆ. ಹೆಸರು ಕೆತ್ತಿಸುವುದಿದ್ದರೆ ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಡಿ, ಹುಡುಗ ಎರಡನೆಯ ಅಕ್ಷರಕ್ಕೆ ಬರುವಾಗ ಪಕ್ಕದಲ್ಲೇ ನಿಂತಿರಿ.