ಮೈಸೂರಿನ ಒಂದು ಐಸಿಯು: ಬ್ರೈನ್ ಡೆತ್ ಪರೀಕ್ಷೆಗೆ ಪೂರ್ತಿ ಅಂಕ, ಮನೆಯವರ ಜೊತೆಗಿನ ಮಾತಿಗೆ ಪಾಸು ಮಾರ್ಕೂ ಇಲ್ಲ

ಇದು ಮೈಸೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದರ ನ್ಯೂರೋ ಐಸಿಯು ಬಗ್ಗೆ. ಹೆಸರು ಹಾಕುತ್ತಿಲ್ಲ, ಇಲ್ಲಿ ಹೇಳುವ ಕೊರತೆ ಅದೊಂದೇ ಆಸ್ಪತ್ರೆಯದ್ದಲ್ಲ. ನೋಡಿರುವುದೂ ಒಂದೇ ಸೇವೆಯನ್ನು: ರೋಗಿಯ ಮಿದುಳುಕಾಂಡ (ಉಸಿರಾಟ ನಡೆಸುವ ಮಿದುಳಿನ ಬುಡ) ಸತ್ತಿದೆ, ಅಂದರೆ ಬ್ರೈನ್ ಡೆತ್ ಆಗಿದೆ ಎಂಬ ಅನುಮಾನ ಬಂದಮೇಲೆ ಅದನ್ನು ಹೇಗೆ ಖಚಿತಪಡಿಸಿಕೊಳ್ಳುತ್ತಾರೆ, ಮನೆಯವರಿಗೆ ಹೇಗೆ ತಿಳಿಸುತ್ತಾರೆ, ಮನೆಯವರು ಒಪ್ಪದೆ ನಿಂತರೆ ಏನು ಮಾಡುತ್ತಾರೆ. ಬೆಂಗಳೂರು ಹೆದ್ದಾರಿಯಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆಯಿಂದ ಇಂಥ ಐಸಿಯುಗಳಿಗೇ ತರುವುದರಿಂದ ಈ ಭಾಗದ ಎಲ್ಲರಿಗೂ ಬೇಕಾದ ವಿಷಯ.

ಮೊದಲು ಪರೀಕ್ಷೆ. ಇದರಲ್ಲಿ ಬೆರಳು ತೋರಿಸುವಂಥ ತಪ್ಪಿಲ್ಲ. ಯಾರೂ ಅವಸರ ಮಾಡುವುದಿಲ್ಲ. ನೋವು ತಗ್ಗಿಸಿ ನಿದ್ದೆಯಲ್ಲಿಡುವ ಫೆಂಟನಿಲ್, ಮಿಡಜೋಲಾಮ್ ಡ್ರಿಪ್ ನಿಲ್ಲಿಸಿ ಅದರ ಮಂಪರು ಪೂರ್ತಿ ಇಳಿಯುವವರೆಗೆ ಕಾಯುತ್ತಾರೆ. ಕಿಡ್ನಿ ಅಥವಾ ಲಿವರ್ ಸೋತಿದ್ದರೆ ಇನ್ನೂ ಹೆಚ್ಚು ಹೊತ್ತು. ಮೈ ತಣ್ಣಗಾಗಿದ್ದರೆ 36 ಡಿಗ್ರಿಗೆ ತಂದ ಮೇಲೆಯೇ ಮುಂದಿನ ಮಾತು. ಸೋಡಿಯಂ, ಸಕ್ಕರೆ ಹದಕ್ಕೆ ಬರಬೇಕು, ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಉಳಿದಿಲ್ಲವೆಂದು ನರ್ವ್ ಸ್ಟಿಮ್ಯುಲೇಟರ್‌ನಿಂದ ನೋಡಬೇಕು. ಇದರಲ್ಲಿ ಒಂದು ತಪ್ಪಿದರೂ ಮುಂದಿನ ಪರೀಕ್ಷೆಗಳಿಗೆ ಬೆಲೆಯಿಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಹೇಳುವ ನಾಲ್ವರು ವೈದ್ಯರು ಸಹಿ ಹಾಕುತ್ತಾರೆ: ಆಸ್ಪತ್ರೆಯ ಹೊಣೆ ಹೊತ್ತವರು, ಪ್ಯಾನೆಲ್‌ನಿಂದ ಬಂದ ಹೊರಗಿನ ತಜ್ಞರು, ನ್ಯೂರಾಲಜಿಸ್ಟ್ ಅಥವಾ ನ್ಯೂರೋಸರ್ಜನ್, ಚಿಕಿತ್ಸೆ ಕೊಡುತ್ತಿರುವವರು. ಕಸಿ ತಂಡದವರು ಇದರಲ್ಲಿ ಇರುವಂತಿಲ್ಲ. ಇಡೀ ಪರೀಕ್ಷೆ ಎರಡು ಸಲ, ನಡುವೆ ಕನಿಷ್ಠ 6 ಗಂಟೆ ಅಂತರ, ಎಲ್ಲವೂ ಫಾರ್ಮ್ 10ರಲ್ಲಿ ದಾಖಲು.

ಮಿದುಳುಕಾಂಡ ಸತ್ತಿದ್ದರೆ ಕಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆ ಕುಗ್ಗುವುದಿಲ್ಲ. ಕಣ್ಣಗುಡ್ಡೆಗೆ ಹತ್ತಿ ಎಳೆ ತಾಗಿಸಿದರೆ ರೆಪ್ಪೆ ಮುಚ್ಚುವುದಿಲ್ಲ. ಸಕ್ಷನ್ ಕೊಳವೆ ಗಂಟಲಿನೊಳಗೆ ಇಳಿದರೂ ಕೆಮ್ಮು ಬರುವುದಿಲ್ಲ. ತಲೆಯನ್ನು 30 ಡಿಗ್ರಿ ಏರಿಸಿ ಕಿವಿಗೆ 50 ಎಂಎಲ್ ಐಸ್ ನೀರು ಬಿಟ್ಟರೂ ಕಣ್ಣು ಅಲುಗುವುದಿಲ್ಲ. ಕೊನೆಯದು ಆಪ್ನಿಯಾ ಟೆಸ್ಟ್, ಅಂದರೆ ವೆಂಟಿಲೇಟರ್ ಇಲ್ಲದೆ ರೋಗಿ ತಾನಾಗಿ ಉಸಿರೆಳೆಯುತ್ತಾರೆಯೇ ಎಂದು ನೋಡುವುದು. ಹತ್ತು ನಿಮಿಷ ನೂರಕ್ಕೆ ನೂರು ಆಕ್ಸಿಜನ್ ಕೊಟ್ಟು, ರಕ್ತದ ಕಾರ್ಬನ್ ಡೈಆಕ್ಸೈಡ್ 35ರಿಂದ 45ರೊಳಗಿದೆ ಎಂದು ನೋಡಿಕೊಂಡು, ವೆಂಟಿಲೇಟರ್ ಕಳಚುತ್ತಾರೆ. ಟ್ಯೂಬಿನೊಳಗೆ ಸಣ್ಣ ಕೊಳವೆ ಇಳಿಸಿ ನಿಮಿಷಕ್ಕೆ 6 ಲೀಟರಿನಂತೆ ಆಕ್ಸಿಜನ್ ಬಿಡುತ್ತಾರೆ. ಹೊದಿಕೆ ಹೊಟ್ಟೆಯವರೆಗೂ ಸರಿಸಿ ಎಂಟು ಹತ್ತು ನಿಮಿಷ ಎದೆಯನ್ನೇ ನೋಡುತ್ತ ನಿಲ್ಲುತ್ತಾರೆ. ಕಾರ್ಬನ್ ಡೈಆಕ್ಸೈಡ್ 60 ದಾಟಿದರೂ, ಇಲ್ಲವೇ ಮೊದಲಿನದಕ್ಕಿಂತ 20 ಏರಿದರೂ, ಒಂದು ಉಸಿರು ಬರದಿದ್ದರೆ ಮಿದುಳುಕಾಂಡ ಸತ್ತಿದೆ ಎಂದರ್ಥ. ನಡುವೆ ಮೇಲಿನ ಬಿಪಿ 90ಕ್ಕಿಂತ ಕೆಳಗೆ ಬಿದ್ದರೆ, ರಕ್ತದ ಆಕ್ಸಿಜನ್ ಸ್ಯಾಚುರೇಶನ್ ಶೇಕಡ 85ಕ್ಕಿಂತ ಇಳಿದರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಈ ಐಸಿಯು ಎರಡನೇ ಸಲದ ಆಪ್ನಿಯಾ ಟೆಸ್ಟನ್ನು ಮನೆಯ ಒಬ್ಬರು ನಿಂತು ನೋಡಲು ಬಿಡುತ್ತದೆ. ಆದರೆ ಕೇಳಿದವರಿಗೆ ಮಾತ್ರ, ತಾನಾಗಿ ಕರೆಯುವುದಿಲ್ಲ. ಇಷ್ಟು ಒಳ್ಳೆಯ ಪದ್ಧತಿಯನ್ನು ಕೇಳಿದವರಿಗಷ್ಟೇ ಏಕೆ ಇಡಬೇಕು?

ಜಗಳ ಹುಟ್ಟುವುದು ಪರೀಕ್ಷೆಯಲ್ಲಲ್ಲ, ಹಾಸಿಗೆಯ ಪಕ್ಕದಲ್ಲಿ. "ಎದೆ ಬಡೀತಾ ಅದೆ, ಮೈ ಬೆಚ್ಚಗದೆ, ಎಂಗ್ ಸತ್ತೋಗವ್ನೆ ಅಂತೀರಿ ಸಾರ್?" ಎಂದು ಮಂಡ್ಯ ಕಡೆಯ ತಂದೆಯೊಬ್ಬರು ಕೇಳಿದರೆ ಅದು ಮೂಢನಂಬಿಕೆ ಅಲ್ಲ, ಕಣ್ಣಿಗೆ ಕಂಡದ್ದು. ಹೃದಯಕ್ಕೆ ಬಡಿಯಲು ಮಿದುಳಿನ ಅಪ್ಪಣೆ ಬೇಕಿಲ್ಲ, ಆಕ್ಸಿಜನ್ ಸಿಕ್ಕರೆ ಸಾಕು. ಇದನ್ನು ಒಂದು ಸಲ ಹೇಳಿ ಮುಗಿಸಿದರೆ ಸಾಲದು, ಮನೆಯವರು ನೋಡುವ ಪ್ರತಿಯೊಂದಕ್ಕೂ ಉತ್ತರ ಬೇಕು. ಬೆರಳು ಅದುರುತ್ತದೆ, ಕಾಲು ಮಡಚುತ್ತದೆ, ಅಪರೂಪಕ್ಕೆ ಕೈಯೆರಡೂ ಎದ್ದು ಎದೆಯ ಮೇಲೆ ಬರುತ್ತವೆ: ಇದು ಬೆನ್ನುಹುರಿಯ ಪ್ರತಿಕ್ರಿಯೆ. ಬ್ಯಾಗಿಗೆ ಗಂಟೆಗೆ 300, 400 ಎಂಎಲ್ ಮೂತ್ರ ಬೀಳುತ್ತದೆ, "ಕಿಡ್ನಿ ಚೆನ್ನಾಗಿದೆ" ಎಂದು ಮನೆಯವರು ಉಸಿರು ಬಿಡುತ್ತಾರೆ. ನಿಜದಲ್ಲಿ ಮಿದುಳಿನಿಂದ ಬರಬೇಕಾದ ವಾಸೊಪ್ರೆಸಿನ್ ನಿಂತು, ಕಿಡ್ನಿಗೆ ನೀರು ಹಿಡಿದಿಡಲು ಆಗುತ್ತಿಲ್ಲ.

ಇದಕ್ಕಿಂತ ಕೆಟ್ಟದ್ದು ವೆಂಟಿಲೇಟರ್ ಪರದೆ. ಉಸಿರಿನ ದರ ನಿಮಿಷಕ್ಕೆ 14 ಎಂದು ಇಟ್ಟಿರುತ್ತಾರೆ, ಪರದೆಯಲ್ಲಿ 18 ಕಾಣುತ್ತದೆ. ನೆಂಟರಲ್ಲಿ ಒಬ್ಬರು ನರ್ಸಿದ್ದರೆ ಸಾಕು, "ನಾಲ್ಕು ಉಸಿರು ತಾನೇ ಎಳೀತಿದಾನೆ" ಎಂಬ ಸುದ್ದಿ ಕಾರಿಡಾರಿನ ತುಂಬ. ಹೃದಯದ ಬಡಿತದಿಂದ ಕೊಳವೆಯ ಗಾಳಿ ಅಲುಗಿದರೂ, ಸರ್ಕ್ಯೂಟಿನಲ್ಲಿ ನೀರು ನಿಂತರೂ, ಸಣ್ಣ ಲೀಕ್ ಇದ್ದರೂ ಯಂತ್ರ ಅದನ್ನು ರೋಗಿಯ ಉಸಿರೆಂದು ತಿಳಿದು ಗಾಳಿ ತಳ್ಳುತ್ತದೆ. ರೋಗಿ ಉಸಿರೆಳೆದದ್ದನ್ನು ಗುರುತಿಸುವ ಟ್ರಿಗ್ಗರನ್ನು ಅಷ್ಟು ಸೂಕ್ಷ್ಮವಾಗಿಡದೆ ಸ್ವಲ್ಪ ಒರಟು ಮಾಡಿದರೆ ದರ ತಕ್ಷಣ 14ಕ್ಕೆ ಬಂದು ನಿಲ್ಲುತ್ತದೆ. ಮನೆಯವರ ಎದುರಿಗೇ ಮಾಡಿ ತೋರಿಸಲು ಎರಡು ನಿಮಿಷ ಸಾಕು. ಈ ಐಸಿಯುನಲ್ಲಿ ಅದನ್ನು ಮಾಡುವುದಿಲ್ಲ, "ಅದು ಮಷೀನಿಂದು ಅಣ್ಣ" ಎಂದು ಹೇಳಿ ಸಿಸ್ಟರ್ ಮುಂದೆ ಹೋಗುತ್ತಾರೆ. ನಂಬಿಕೆ ಕಳೆದುಹೋಗುವುದು ಆ ಗಳಿಗೆಯಲ್ಲೇ.

ಇನ್ನು ಕೌನ್ಸೆಲಿಂಗ್ ರೂಮು. ಅಲ್ಲಿ ಹೇಳುವ ಮಾತು: "ಬದುಕೋ ಚಾನ್ಸ್ ಇಲ್ಲ, ವೆಂಟಿಲೇಟರ್ ಮೇಲಿದಾರೆ, ತೆಗೆಯೋಕೆ ನೀವು ಸಹಿ ಮಾಡಬೇಕು." ಇದೇ ನಮ್ಮ ಮುಖ್ಯ ಆಕ್ಷೇಪ. ಎರಡನೇ ಪರೀಕ್ಷೆ ಮುಗಿದ ಮೇಲೆ ಸಾವು ಆಗಿಹೋಗಿದೆ. ಅದನ್ನು ವೈದ್ಯರು ಹೇಳಬೇಕು, ದಿನಾಂಕ, ಸಮಯದ ಸಮೇತ. ಅದರ ಬದಲು ತಾಯಿಯ ಕೈಗೆ ಪೆನ್ನು ಕೊಟ್ಟರೆ, ಮಗನನ್ನು ತಾನೇ ಕೊಂದೆನೆಂಬ ಭಾರ ಆಕೆಯ ತಲೆಗೆ. ಒಬ್ಬರು ಸಹಿಗೆ ಒಪ್ಪಿದರೆ ಇನ್ನೊಬ್ಬರು ಆಸ್ತಿಗೋಸ್ಕರ ಎನ್ನುತ್ತಾರೆ. ಆಸ್ಪತ್ರೆ ಮಾಡಬೇಕಾದ ಕೆಲಸ ಮನೆಯೊಳಗೆ ಬಿರುಕಾಗಿ ಹೋಗುತ್ತದೆ.

ಆಸ್ಪತ್ರೆಯ ಅಂಜಿಕೆಗೂ ಕಾರಣವಿದೆ, ಅದನ್ನು ಹೇಳದಿದ್ದರೆ ಅನ್ಯಾಯ. 1994ರ ಕಾಯ್ದೆ ಮಿದುಳುಕಾಂಡದ ಸಾವನ್ನು ಸಾವೆನ್ನುತ್ತದೆ, ಆದರೆ ಆ ಕಾಯ್ದೆ ಇರುವುದು ಅಂಗಾಂಗ ಕಸಿಗೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ವ್ಯಾಖ್ಯೆ ಜೀವದ ಎಲ್ಲ ಕುರುಹೂ ಶಾಶ್ವತವಾಗಿ ಇಲ್ಲವಾಗುವುದು ಎಂದಷ್ಟೇ ಹೇಳುತ್ತದೆ, ಮಿದುಳಿನ ಸುದ್ದಿ ಎತ್ತುವುದಿಲ್ಲ. ಮನೆಯವರು ದಾನಕ್ಕೆ ಒಪ್ಪದಿದ್ದಾಗ ವೆಂಟಿಲೇಟರ್ ನಿಲ್ಲಿಸಿದರೆ ಕೇಸು ಬೀಳಬಹುದೆಂದು ವೈದ್ಯರು ಹಿಂಜರಿಯುವುದು ಇಲ್ಲಿಂದ. ದಾನ ಇರಲಿ ಇಲ್ಲದಿರಲಿ ಘೋಷಣೆ ಹೇಗೆಂದು ಕೇರಳ 2020ರಲ್ಲೇ ಮಾರ್ಗಸೂಚಿ ತಂದಿತು.

ಈ ಹೆದರಿಕೆಯಲ್ಲಿ ಆಸ್ಪತ್ರೆ ಇನ್ನೊಂದು ಗೋಜಲು ಮಾಡಿಕೊಂಡಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟು 2023ರಲ್ಲಿ ಸರಳಗೊಳಿಸಿದ, ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಜಾರಿಗೆ ಆದೇಶಿಸಿದ ಘನತೆಯ ಸಾವಿನ ಕ್ರಮವನ್ನು ಇಲ್ಲಿಗೂ ಎಳೆದು ತರುತ್ತದೆ. ಆ ಕ್ರಮದಲ್ಲಿ ಒಪ್ಪಬೇಕಾದ ಎರಡು ವೈದ್ಯಕೀಯ ಮಂಡಳಿಗಳು ಇರುವುದು ಬದುಕಿರುವ, ಆದರೆ ಚೇತರಿಕೆಯ ದಾರಿಯಿಲ್ಲದ ರೋಗಿಗೆ. ಅಲ್ಲಿ ಮನೆಯವರ ಒಪ್ಪಿಗೆ ಬೇಕು. ಫಾರ್ಮ್ 10 ಆದವರಿಗೆ ಅದೇ ಕಾಗದ ಮುಂದಿಟ್ಟರೆ "ಹಾಗಾದರೆ ಇನ್ನೂ ಬದುಕಿದ್ದಾನಾ?" ಎಂದು ಕೇಳುವುದು ಸಹಜ.

ಅಂಗಾಂಗ ದಾನದ ಮಾತನ್ನು ಎತ್ತುವುದೂ ತಪ್ಪು ಹೊತ್ತಿನಲ್ಲಿ. ಕೇಳುವುದು ಕಾನೂನಿನಂತೆ ಆಸ್ಪತ್ರೆಯ ಕರ್ತವ್ಯ, ತಪ್ಪೇನಿಲ್ಲ. ಆದರೆ ಇಲ್ಲಿ ಅಂಗಾಂಗ ದಾನದ ಕೋ-ಆರ್ಡಿನೇಟರ್ ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವೆಯೇ ಬಂದು ಕೂರುತ್ತಾರೆ. ಸಾವೇ ಖಚಿತವಾಗದ ಆರು ಗಂಟೆಯೊಳಗೆ ಕಿಡ್ನಿ, ಲಿವರ್ ಎಂದು ಮಾತು ಶುರುವಾದರೆ ಮುಂದಿನ ಎಲ್ಲದರ ಮೇಲೂ ಅನುಮಾನದ ನೆರಳು. ಎರಡನೇ ಪರೀಕ್ಷೆ ಮುಗಿಯಲಿ, ಐಸಿಯು ವೈದ್ಯರು ಸಾವನ್ನು ತಿಳಿಸಲಿ, ಅತ್ತು ಹಗುರಾಗಲು ಬಿಡಲಿ, ಆಮೇಲೆ ಬೇರೆಯವರು ಬಂದು ಕೇಳಲಿ. ಒಪ್ಪಿದರೆ ಒಪ್ಪಿಗೆಯ ಫಾರ್ಮ್ 8, ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆ ಜೀವಸಾರ್ಥಕತೆಗೆ ಸುದ್ದಿ. ಆ ಕ್ಷಣದಿಂದ ದೇಹವನ್ನು ಕಾಪಿಡುವ, ಅಂಗ ತೆಗೆಯುವ ಖರ್ಚು ಮನೆಯವರದ್ದಲ್ಲ. 2014ರ ಅಂಗಾಂಗ ಕಸಿ ನಿಯಮದಲ್ಲೇ ಇದೆ. ಬಿಲ್ಲಿನಲ್ಲಿ ಫಾರ್ಮ್ 8ರ ಸಮಯದ ನಂತರದ ಸಾಲುಗಳನ್ನು ಒಂದೊಂದಾಗಿ ನೋಡಿ.

ಒಪ್ಪದ ಮನೆಯವರಿಗೆ ಈ ಆಸ್ಪತ್ರೆ ಸಮಯ ಕೊಡುತ್ತದೆ, ದೂರದ ಊರಿನಿಂದ ಬರುವ ಮಗಳಿಗೂ ಕಾಯುತ್ತದೆ. ಇದನ್ನು ಮನಸಾರೆ ಮೆಚ್ಚುತ್ತೇವೆ. ಆದರೆ ಆ ಸಮಯಕ್ಕೂ ಐಸಿಯು ಬಾಡಿಗೆ, ವೆಂಟಿಲೇಟರ್ ಚಾರ್ಜು ಓಡುತ್ತಿರುತ್ತದೆ, ಮೊದಲೇ ಯಾರೂ ಹೇಳುವುದಿಲ್ಲ. ಬಾಕಿ ಕಟ್ಟಿಲ್ಲವೆಂದು ಮೃತದೇಹ ತಡೆಯುವಂತಿಲ್ಲ, ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳಿದೆ. ತಡೆದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಕೊನೆಯದಾಗಿ ಮನೆಗೆ ಕರೆದೊಯ್ಯುವ ವಿಚಾರ. ಮಾತು ಕೆಟ್ಟಾಗ ಆಸ್ಪತ್ರೆ ಮುಂದಿಡುವ ಸುಲಭದ ದಾರಿ ಇದು: ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್ ಎಂದು ಬರೆಸಿಕೊಂಡು, ಕೈಯಿಂದ ಉಸಿರು ಕೊಡುವ ಆಂಬು ಬ್ಯಾಗ್ ಒತ್ತುತ್ತ ಆಂಬುಲೆನ್ಸಿನಲ್ಲಿ ಊರಿಗೆ ಕಳಿಸುವುದು. ಉಸಿರಿರುವಾಗಲೇ ಮನೆ ಬಾಗಿಲು ಮುಟ್ಟಲಿ ಎಂಬ ಹಿರಿಯರ ಆಸೆಗೆ ಅದು ಒಗ್ಗಿಯೂ ಬಿಡುತ್ತದೆ. ಅಪಘಾತದ ಕೇಸಾದರೆ ಮಾತ್ರ ಖಂಡಿತ ಒಪ್ಪಬೇಡಿ. ಅದು ಪೊಲೀಸ್ ಕೇಸು, ಪಂಚನಾಮೆ, ಪೋಸ್ಟ್ ಮಾರ್ಟಂ ಆಗಲೇಬೇಕು. ಊರಲ್ಲಿ ಟ್ಯೂಬ್ ತೆಗೆದು ಸಂಸ್ಕಾರ ಮುಗಿಸಿಬಿಟ್ಟರೆ ಸಾವಿನ ಕಾರಣಕ್ಕೆ ದಾಖಲೆಯೇ ಇರುವುದಿಲ್ಲ, ಮರಣ ಪತ್ರಕ್ಕೂ ಅಲೆದಾಟ, ಅಪಘಾತ ಪರಿಹಾರದ ಕ್ಲೇಮಿನಲ್ಲಿ ವಿಮಾ ಕಂಪನಿಯ ವಕೀಲರು ಮೊದಲು ಹಿಡಿಯುವುದೂ ಅದನ್ನೇ. ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವ ಮುನ್ನ ಫಾರ್ಮ್ 10ರ ಪ್ರತಿ, ಎರಡೂ ಆಪ್ನಿಯಾ ಟೆಸ್ಟಿನ ರಕ್ತದ ವರದಿ ಮತ್ತು ಎಂಎಲ್‌ಸಿ (ಪೊಲೀಸ್ ಕೇಸೆಂದು ಆಸ್ಪತ್ರೆ ದಾಖಲಿಸಿದ) ನಂಬರು ಕೇಳಿ ಬರೆಸಿಕೊಳ್ಳಿ.