ಅಜ್ಜನ ಕುಂಟೆ: ರಿಪೇರಿ ಮಾಡಿಸಿ ನಾಲ್ಕು ಹಿಂಗಾರಿ ಆಯಿತು

ನಮ್ಮದು ಗದಗ ಜಿಲ್ಲೆ ರೋಣದ ಕಡೆಯ ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು. ಹಿಂಗಾರಿಗೆ ಜೋಳ, ಕಡಲೆ. ನಾಲ್ಕು ವರ್ಷದ ಹಿಂದೆ ಕೊಟ್ಟಿಗೆ ಅಟ್ಟದ ಮೇಲೆ ಹಳೇ ಜಾಲಿ ಮರದ ದಿಂಡೊಂದು (ಅಡ್ಡ ದಿಮ್ಮಿ) ಸಿಕ್ಕಿತು. ಮೊದಲು ಬೀಜ ಬಿತ್ತುವ ಕೂರಿಗೆ ಅಂದುಕೊಂಡೆ. ಆದರೆ ಕೂರಿಗೆಗೆ ಮೂರು ನಾಲ್ಕು ತಾಳು, ಅಂದರೆ ದಿಂಡಿನಿಂದ ಕೆಳಗಿಳಿಯುವ ಮರದ ಕಾಲು, ಇರುತ್ತವೆ; ಇದರಲ್ಲಿ ತಾಳಿನ ತೂತು ಎರಡೇ. ಬೆಳೆ ಸಾಲಿನ ನಡುವೆ ಹೊಡೆಯುವ ಸಣ್ಣ ಎಡೆಕುಂಟೆ ಅನ್ನೋಣವೆಂದರೆ ಅಲ್ಲಿ ಹಿಡಿಸದಷ್ಟು ಉದ್ದ. ಅಜ್ಜ ಹರಗುತ್ತಿದ್ದ, ಅಂದರೆ ಎತ್ತು ಹೂಡಿ ಮೇಲ್ಮಣ್ಣು ಸಡಿಲಿಸಿ ಕಸ ಕತ್ತರಿಸುತ್ತಿದ್ದ, ಕುಂಟೆಯೇ ಅದು.

ಒಂದು ತಾಳು ಮುರಿದಿತ್ತು. ಎರಡೂ ತಾಳಿನ ತುದಿಗೆ ಅಡ್ಡ ಕೂರುವ ಕಬ್ಬಿಣದ ಅಲಗು, ಕುಡ, ತುಕ್ಕು ಹಿಡಿದಿತ್ತು. ದಿಂಡಿನ ಮೇಲೆಲ್ಲ ಹುಳದ ತೂತು, ಆದರೆ ಬಡಿದು ನೋಡಿದರೆ ಒಳಗೆ ಗಟ್ಟಿ ಸದ್ದು. ಬೇವಿನೆಣ್ಣೆ ಕುಡಿಸಿ ವಾರಗಟ್ಟಲೆ ನೆರಳಲ್ಲಿಟ್ಟೆ. ಆಮೇಲೆ ಅಗಸೆ ಎಣ್ಣೆ ತೆಳ್ಳಗೆ ಸವರಿದೆ. ಬಣ್ಣ ಬಳಿಯಲಿಲ್ಲ.

ನಾನು ಎಡವಿದ್ದು ತಾಳಿನಲ್ಲಿ. ಪೇಟೆಯ ಒಂದು ಅಂಗಡಿಯಲ್ಲಿ ಹೊಸದು ಮಾಡಿಸಿದೆ. ಉದ್ದ ಸರಿಯಿತ್ತು, ಓರೆ ಸರಿಯಿರಲಿಲ್ಲ. ಹೊಲಕ್ಕಿಳಿಸಿದರೆ ಕುಡದ ಒಂದು ತುದಿ ನೆಲದಲ್ಲಿ ಹೂತುಕೊಳ್ಳುತ್ತಿತ್ತು, ಇನ್ನೊಂದು ಮೇಲೆ ತೇಲುತ್ತಿತ್ತು. ಎಡಗಡೆ ಎತ್ತು ಹತ್ತು ಹೆಜ್ಜೆಗೆ ನಿಂತುಬಿಟ್ಟಿತು. ಅದರ ಹೆಗಲು ನೋಡಿ ಹೊಟ್ಟೆ ಚುರ್ ಅಂದಿತು.

ಊರಿನ ಬಡಿಗೇರ ಅಜ್ಜ ಮುರಿದ ತುಂಡನ್ನೇ ಕೇಳಿದರು. "ತಮ್ಮಾ, ಹಳೇದು ಒಗೀಬ್ಯಾಡ. ಅದರ ಓರಿ ನೋಡೇ ಹೊಸಾದು ಕೆತ್ತಬೇಕು" ಅಂದರು. ಉಳಿದ ತಾಳಿನ ಪಕ್ಕ ಇಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಾ, ಇಷ್ಟಿಷ್ಟೇ ಕೆತ್ತಿ ಕೂರಿಸಿದರು. ಕುಂಟೆ ಎಷ್ಟು ಆಳ ಹೋಗಬೇಕು ಅನ್ನೋದೆಲ್ಲ ಆ ಓರೆಯಲ್ಲೇ ಇದೆ. ಹಳೇ ಕುಂಟೆ ಸಿಕ್ಕವರು ಮುರಿದ ಚೂರನ್ನೂ ಒಲೆಗೆ ಹಾಕಬೇಡಿ.

ಕುಡವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಕುಲುಮೆಯಲ್ಲಿ ಕಾಯಿಸಿ ಬಡಿಸಿದೆ. ಗ್ರೈಂಡರ್ ಹಿಡಿಸಲಿಲ್ಲ. ಅದರಲ್ಲಿ ಕಬ್ಬಿಣ ಸುಮ್ನೆ ಸವೆದು ಹೋಗುತ್ತೆ, ಬಡಿದರೆ ಅಂಚು ತೆಳುವಾಗುತ್ತೆ, ಕುಡ ಉಳಿಯುತ್ತೆ.

ನಾಲ್ಕು ವರ್ಷದಲ್ಲಿ ಕಂಡದ್ದು ಹೇಳುತ್ತೇನೆ. ಮಳೆ ಬಂದು ಹದವಾದಾಗ ಹರಗಿದರೆ ಕಸದ ಬೇರು ನೀಟಾಗಿ ಕತ್ತರಿಸುತ್ತೆ, ಮೇಲೆ ಪುಡಿ ಮಣ್ಣು ಕೂತು ಕೆಳಗಿನ ಹಸಿ ಉಳಿಯುತ್ತೆ. ಬಿತ್ತುವ ತನಕ ಮೂರು ನಾಲ್ಕು ಸಲ ಹರಗುತ್ತೇವೆ. ಹಸಿ ಜಾಸ್ತಿ ಇದ್ದರೆ ಮಾತ್ರ ಹೊರಡಬೇಡಿ, ಎರೆ ಮಣ್ಣು ಕುಡಕ್ಕೆ ಮುದ್ದೆಯಾಗಿ ಅಂಟುತ್ತೆ. ಕರಿಕೆ ಗಡ್ಡೆ ಇರುವ ಕಡೆಯೂ ಇದು ಸಾಲದು. ಅಲ್ಲಿಗೆ ನೇಗಿಲೇ ಬೇಕು.

ಬೇಸಿಗೆಯಲ್ಲಿ ಮರ ಒಣಗಿ ತಾಳು ಅಲುಗಾಡುತ್ತೆ. ಕುಂಟೆ ಹೊಡೆಯುವ ಹಿಂದಿನ ರಾತ್ರಿ ದಿಂಡಿಗೆ ಒದ್ದೆ ಗೋಣಿಚೀಲ ಹೊದಿಸುತ್ತೇನೆ. ಬೆಳಿಗ್ಗೆಗೆ ಬಿಗಿಯಾಗಿರುತ್ತೆ. ಆಗಲೂ ಸಡಿಲ ಅನ್ನಿಸಿದರೆ ಬೆಣೆಗೆ ಒಂದೇಟು ಸಾಕು. ಬೆಣೆ ಎರಡು ಸಲ ಬದಲಾಯಿತು. ತಾಳು ಅದೇ ಇದೆ, ಈಗ ಹಳೇ ತಾಳಿನ ಬಣ್ಣಕ್ಕೇ ತಿರುಗಿದೆ.